ಹೂವಿಲ್ಲದ ಕಾಫಿ ಹೂವಿನ ಟೂರು: ಹಣ ವಾಪಸ್ ಕೇಳಿ ದೂರು

ದಿನಾಂಕ: ಏಪ್ರಿಲ್ 4

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಬೆಂಗಳೂರು

ವಿಷಯ: ಚಿಕ್ಕಮಗಳೂರಿನ ಕಾಫಿ ತೋಟದ ಎರಡು ದಿನದ ಪ್ಯಾಕೇಜಿನಲ್ಲಿ ಹೇಳಿದ್ದೊಂದು, ತೋರಿಸಿದ್ದೊಂದು

ಮಾನ್ಯರೇ,

ಮಾರ್ಚ್ ಕೊನೆಯ ಶನಿವಾರ, ಭಾನುವಾರ ನಾನು ಮತ್ತು ನಮ್ಮಮ್ಮ ನಿಮ್ಮ ಪ್ಯಾಕೇಜಿನಲ್ಲಿ ಚಿಕ್ಕಮಗಳೂರಿಗೆ ಹೋಗಿ ಬಂದೆವು. ಇಬ್ಬರಿಗೆ ಸೇರಿ 15,000 ರೂಪಾಯಿ ಕಟ್ಟಿದ್ದೆ. ಮೊದಲೇ ಹೇಳಿಬಿಡುತ್ತೇನೆ, ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ರೂಮು ಚೊಕ್ಕವಾಗಿತ್ತು. ಅಕ್ಕಿರೊಟ್ಟಿ, ಕಾಯಿಚಟ್ನಿ ಬಗ್ಗೆ ತಕರಾರೇ ಇಲ್ಲ, ಅಮ್ಮ ಎರಡನೇ ಸಲ ಹಾಕಿಸಿಕೊಂಡರು. ತಕರಾರು ಇರುವುದು ತೋಟದ ಟೂರಿನ ಬಗ್ಗೆ. ನಾವು ಹೋಗಿದ್ದೇ ಅದಕ್ಕೆ.

ನಿಮ್ಮ ಜಾಹೀರಾತಿನಲ್ಲಿ ಹೀಗಿತ್ತು: ಬೆಳ್ಳಗೆ ಅರಳಿದ ಕಾಫಿ ಹೂವಿನ ನಡುವೆ ಪ್ಲಾಂಟರ್ ಜೊತೆ ನಡಿಗೆ, ನಿಮ್ಮ ಕೈಯಾರೆ ಹಣ್ಣು ಕೊಯ್ಲು, ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವುದು) ನೋಡುವ ಅವಕಾಶ. ಓದಿ ಹೇಳಿದರೆ ಅಮ್ಮ ನಕ್ಕರು. "ಹೂವೂ ಹಣ್ಣೂ ಒಂದೇ ದಿನಾನಾ? ಯಾರ ತೋಟವೇ ಅದು?" ಅಂದರು. ಅವರು ಹುಟ್ಟಿ ಬೆಳೆದದ್ದು ಕೊಪ್ಪದ ಕಡೆ. ಮನೆಗೆ ಮೂರೆಕರೆ ಕಾಫಿ ಇತ್ತು, ಮಾರಿ ನಲವತ್ತು ವರ್ಷದ ಮೇಲಾಯಿತು. ಕಾಫಿಯಲ್ಲಿ ಅರೇಬಿಕಾ, ರೋಬಸ್ಟಾ ಅಂತ ಎರಡು ಜಾತಿ. ಅರೇಬಿಕಾ ಕೊಯ್ಲು ನವೆಂಬರಿಗೆ ಶುರುವಾದರೆ ಜನವರಿ ಹೊತ್ತಿಗೆ ಹೆಚ್ಚುಕಮ್ಮಿ ಮುಗಿದಿರುತ್ತದೆ. ರೋಬಸ್ಟಾ ಅದರ ಹಿಂದೆಯೇ ಬರುತ್ತದೆ. ರೋಬಸ್ಟಾ ಕೊಯ್ಲು ತಡವಾಗಿ, ಮಳೆ ಬೇಗ ಬಿದ್ದರೆ ಒಂದೇ ಗಿಡದಲ್ಲಿ ಹಣ್ಣೂ ಹೂವೂ ಕಾಣುವುದುಂಟು. ಆದರೆ ಆಗ ತೋಟದವರು ತಮ್ಮ ಕೊಯ್ಲನ್ನೇ ನಿಲ್ಲಿಸುತ್ತಾರೆ, ಟೂರಿಸ್ಟುಗಳನ್ನು ಬಿಡುತ್ತಾರಾ? ಹೂ ಉದುರಿದರೆ ಮುಂದಿನ ವರ್ಷದ ಫಸಲು ಉದುರಿದ ಹಾಗೆ. ಇಷ್ಟೆಲ್ಲ ಗೊತ್ತಿದ್ದೂ ಅಮ್ಮ ಹೊರಟರು. "ಹಣ್ಣು ಹಾಳಾಗಲಿ, ಹೂವಿನ ವಾಸನೆ ಸಿಕ್ಕರೆ ಸಾಕು" ಅಂದರು.

ಅದಕ್ಕೇ ದುಡ್ಡು ಕಟ್ಟುವ ಮುಂಚೆ ನಿಮ್ಮ ಆಫೀಸಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದ್ದೆ. ಆ ತೋಟದಲ್ಲಿ ಹೂಮಳೆ ಯಾವತ್ತು ಬಿತ್ತು? ಕಾಫಿ ಗಿಡ ಕ್ಯಾಲೆಂಡರ್ ನೋಡಿ ಹೂ ಬಿಡಲ್ಲ. ಒಳ್ಳೆ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಅರಳುತ್ತದೆ, ಮೂರು ನಾಲ್ಕು ದಿನ ಘಮಘಮ ಅನ್ನುತ್ತದೆ, ಆಮೇಲೆ ಕಂದುತ್ತದೆ. ರೋಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸುವವರಿಗಂತೂ ನೀರು ಬಿಟ್ಟ ತಾರೀಖಿನಿಂದಲೇ ಲೆಕ್ಕ ಸಿಗುತ್ತದೆ. ತೋಟದ ರೈಟರಿಗೆ (ಲೆಕ್ಕ ಬರೆಯುವವರಿಗೆ) ಒಂದು ಫೋನ್ ಮಾಡಿದ್ದರೆ ಎರಡು ನಿಮಿಷದಲ್ಲಿ ಉತ್ತರ ಸಿಗುತ್ತಿತ್ತು. ನಿಮ್ಮವರು ಫೋನ್ ಮಾಡಲಿಲ್ಲ. "ಹೂ ಗ್ಯಾರಂಟಿ ಮೇಡಂ" ಅಂದರು.

ನಾವು ಹೋಗುವಷ್ಟರಲ್ಲಿ ಹೂ ಬಂದು ಹೋಗಿ ವಾರದ ಮೇಲಾಗಿತ್ತು. ರೆಂಬೆಯ ಗಿಣ್ಣು ಗಿಣ್ಣಿಗೂ ಸೋಸಿ ಬಿಸಾಕಿದ ಟೀ ಸೊಪ್ಪಿನ ಬಣ್ಣದ ಮುದ್ದೆ ಅಂಟಿಕೊಂಡಿತ್ತು. ಅಮ್ಮ ಒಂದನ್ನು ಕಿತ್ತು ಮೂಗಿನ ಹತ್ತಿರ ಹಿಡಿದರು. ಏನೂ ಅನ್ನದೆ ಕೈ ಕೊಡವಿಕೊಂಡರು.

ಪ್ಲಾಂಟರ್ ಬರಲಿಲ್ಲ. ಕೊರಳಿಗೆ ಸೀಟಿ ಹಾಕಿಕೊಂಡ ಒಬ್ಬ ಹುಡುಗ ಬಂದ. ಕೆಲಸಕ್ಕೆ ಸೇರಿ ಹತ್ತೇ ದಿನವಂತೆ. ಅಗಲ ಎಲೆಯ ರೋಬಸ್ಟಾ ತೋರಿಸಿ ಅರೇಬಿಕಾ ಅಂದ. ಸಿಲ್ವರ್ ಓಕ್ ನಮ್ಮ ಘಟ್ಟದ ಕಾಡುಮರ ಅಂದ. ಅದು ಆಸ್ಟ್ರೇಲಿಯಾದ ಮರ, ಕಾಫಿಗೆ ನೆರಳಾಗಲಿ, ಮೆಣಸಿನ ಬಳ್ಳಿಗೆ ಆಸರೆಯಾಗಲಿ ಅಂತ ಸಾಲುಸಾಲು ನೆಟ್ಟಿರುವುದು. ಕಾಫಿಯನ್ನು ಇಲ್ಲಿಗೆ ತಂದವರು ಬ್ರಿಟಿಷರು ಅಂತಲೂ ಅಂದ. ಹಾಗನ್ನುವಾಗ ಅವನ ಬೆನ್ನ ಹಿಂದೆಯೇ ಬಾಬಾಬುಡನ್‌ಗಿರಿ ಸಾಲು ಕಾಣುತ್ತಿತ್ತು. 17ನೇ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ಆ ಬೆಟ್ಟದಲ್ಲಿ ಬಿತ್ತಿದ ಕತೆ ಅಲ್ಲಿನ ಸ್ಕೂಲು ಮಕ್ಕಳಿಗೂ ಬಾಯಿಪಾಠ. ಬ್ರಿಟಿಷರು ದೊಡ್ಡ ದೊಡ್ಡ ಎಸ್ಟೇಟ್ ಮಾಡಿದ್ದು 19ನೇ ಶತಮಾನದಲ್ಲಿ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ದಯವಿಟ್ಟು ಅವನ ಸಂಬಳಕ್ಕೆ ಕೈ ಹಾಕಬೇಡಿ. ಹೇಳಿಕೊಡದೆ ಕಳಿಸಿದ್ದು ನೀವು. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೆಯುತ್ತಿದೆ, ಚಿಕ್ಕಮಗಳೂರಿನಲ್ಲೇ ಕಾಫಿ ಮಂಡಳಿಯ ಮ್ಯೂಸಿಯಂ ಇದೆ. ಅರ್ಧ ದಿನ ಅವನನ್ನು ಮ್ಯೂಸಿಯಂ ಸುತ್ತಿಸಿದ್ದರೂ ನಡೆಯುತ್ತಿತ್ತು.

ಇನ್ನು ಕೊಯ್ಲಿನ ವಿಷಯ. ಪ್ರತಿಯೊಬ್ಬರ ಸೊಂಟಕ್ಕೂ ಒಂದು ಬಿದಿರು ಬುಟ್ಟಿ ಕಟ್ಟಿ ಫೋಟೋ ತೆಗೆದರು. ಬುಟ್ಟಿ ತುಂಬ ಕೆಂಪು ಹಣ್ಣು. ನಾನು ಕೈ ಹಾಕಿ ನೋಡಿದೆ. ಮೇಲಿನ ಪದರ ಪ್ಲಾಸ್ಟಿಕ್ ಮಣಿ, ಅದರ ಕೆಳಗೆ ಒಣಗಿ ಕಪ್ಪಾದ ಕಾಫಿ, ತಳದಲ್ಲಿ ಮುದುರಿದ ಪೇಪರ್. ಒಂದು ಮಣಿಯ ಮೇಲೆ ಹೊಲಿಗೆಯ ದಾರ ಇನ್ನೂ ಇತ್ತು, ಯಾವುದೋ ಹಾರದಿಂದ ಕಿತ್ತಿರಬೇಕು. ಪಲ್ಪಿಂಗ್ ಅಂದಿರಲ್ಲ, ಪಲ್ಪರ್ ಇತ್ತು. ಅದರ ಮೇಲೆ ನೀಲಿ ಟಾರ್ಪಾಲು, ಟಾರ್ಪಾಲಿನ ಮೇಲೆ ಒಂದು ಕೋಳಿ. ಹಣ್ಣೇ ಇಲ್ಲದ ಮೇಲೆ ಮೆಷಿನ್ ಏನು ಮಾಡುತ್ತೆ?

ಆದರೂ ಆ ದಿನ ತೋಟದಲ್ಲಿ ನೋಡುವಂಥದ್ದು ಇತ್ತು. ಮೇಲಿನ ಏರಿನ ಅರೇಬಿಕಾ ತಾಕಿನಲ್ಲಿ ಹೆಂಗಸರು ಸಾಲು ಹಿಡಿದು ಒಂದೊಂದೇ ಗಿಡದ ಕಾಂಡ ಸವರುತ್ತಾ ಹೋಗುತ್ತಿದ್ದರು. ಅಮ್ಮ ನಿಂತುಬಿಟ್ಟರು. "ಬೋರರ್ ನೋಡ್ತಿದೀರಾ?" ಅಂದರು. ಬೋರರ್ ಅಂದರೆ ಕಾಫಿ ಕಾಂಡ ಕೊರೆಯುವ ಹುಳ. ಒಬ್ಬಾಕೆ ಕರೆದು ತೋರಿಸಿದರು. ಕಾಂಡದ ಮೇಲೆ ಉಗುರಿಗೆ ಸಿಗುವಷ್ಟು ಸಣ್ಣ ಉಬ್ಬು, ಸುತ್ತಿಕೊಂಡು ಹೋಗಿತ್ತು. ನನ್ನ ಬೆರಳು ಹಿಡಿದು ಅದರ ಮೇಲೆ ಆಡಿಸಿದರು. ಅಂಥದ್ದೇ ಇನ್ನೊಂದು ಗಿಡವನ್ನು ಆಗಲೇ ಕಿತ್ತು ಹಾಕಿದ್ದರು. ಕತ್ತಿಯಲ್ಲಿ ಕಾಂಡ ಸೀಳಿದರೆ ಒಳಗೆ ಗಟ್ಟಿಯಾಗಿ ತುಂಬಿದ ಮರದ ಪುಡಿ, ಅದರ ಕೊನೆಯಲ್ಲಿ ಬೆಳ್ಳಗೆ, ಮೈಗೆ ಗಂಟುಗಂಟು ಇರುವ ಹುಳ. "ಏಪ್ರಿಲಲ್ಲಿ ದುಂಬಿ ಹಾರೋಕೆ ಮುಂಚೆ ಕಿತ್ತು ಸುಡ್ಬೇಕು ಅಕ್ಕ. ನೆರಳು ಕಮ್ಮಿ ಆದ ಕಡೆ ಇದರ ಕಾಟ ಜಾಸ್ತಿ" ಅಂದರು. ಹತ್ತು ಹನ್ನೆರಡು ವರ್ಷದ ಗಿಡವಂತೆ ಅದು. ಅಮ್ಮ ಆ ಸೀಳಿದ ಕಾಂಡವನ್ನು ಕೈಯಲ್ಲಿ ಹಿಡಿದು ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) ಬಗ್ಗೆ, ಈಗಿನ ಕೂಲಿ ಬಗ್ಗೆ ಮಾತಿಗೆ ಇಳಿದಿದ್ದರು. ಐದು ನಿಮಿಷ ಆಗಿರಬೇಕು. ಸೀಟಿ ಊದಿತು. "ಬನ್ನಿ ಬನ್ನಿ, ಉಯ್ಯಾಲೆ ಪಾಯಿಂಟಿಗೆ ಲೇಟಾಗುತ್ತೆ!"

ನನ್ನ ಮುಖ್ಯ ದೂರು ಇದೇ. ಹೂ ಮುಗಿದಿದೆ, ಈಗ ತೋಟದಲ್ಲಿ ಬೋರರ್ ಹುಡುಕುತ್ತಾರೆ, ಕಣದಲ್ಲಿ ಮೆಣಸು ಒಣಗಿಸುತ್ತಾರೆ, ಅದನ್ನು ನೋಡಲು ಬನ್ನಿ ಅಂದಿದ್ದರೂ ನಾವು ಬರುತ್ತಿದ್ದೆವು. ಅಮ್ಮನಂತೂ ಓಡಿ ಬರುತ್ತಿದ್ದರು. ಅದನ್ನು ಬಿಟ್ಟು ಇಲ್ಲದ ಹೂವನ್ನು ಮಾರಿದಿರಿ, ಇದ್ದ ಕೆಲಸವನ್ನು ಸೀಟಿ ಊದಿ ಬಿಡಿಸಿದಿರಿ. ಉಯ್ಯಾಲೆ ಮುಂದೆ ಫೋಟೋಗೆ ಕ್ಯೂ ನಿಂತು ನಲವತ್ತು ನಿಮಿಷ ಹೋಯಿತು. ಉಯ್ಯಾಲೆ ನಮ್ಮ ಜಯನಗರದ ಪಾರ್ಕಿನಲ್ಲೂ ಇದೆ.

ಕೊನೆಗೆ ಅಂಗಡಿ. 'ನಮ್ಮ ತೋಟದ್ದೇ ಶುದ್ಧ ಕಾಫಿ ಪುಡಿ' ಅಂತ ದೊಡ್ಡ ಬೋರ್ಡು. ಪ್ಯಾಕೆಟಿಗೆ 390 ರೂಪಾಯಿಯಂತೆ ಎರಡು ತಂದೆ. ಮನೆಗೆ ಬಂದು ಕನ್ನಡಕ ಹಾಕಿ ಹಿಂಭಾಗ ಓದಿದರೆ ಕಾಫಿ 53, ಚಿಕೋರಿ 47! ಪ್ಯಾಕ್ ಮಾಡಿದ್ದು ಬೆಂಗಳೂರಿನಲ್ಲಿ. ಚಿಕೋರಿ ಮೇಲೆ ನಮಗೇನೂ ಮುನಿಸಿಲ್ಲ, ಮನೆಯಲ್ಲಿ ನಾವೂ 80ಕ್ಕೆ 20 ಹಾಕಿಸುವುದೇ. ಆದರೆ ಚಿಕೋರಿ ಬೆಳೆಯುವುದು ಗುಜರಾತ್, ಉತ್ತರಪ್ರದೇಶದ ಕಡೆ. ಚಿಕ್ಕಮಗಳೂರಿನ ತೋಟದಲ್ಲಿ ಎಲ್ಲಿಂದ ಬಂತು? ಲೇಬಲ್ಲಿನಲ್ಲಿ ಬರೆದಿದೆಯಲ್ಲ ಅಂತ ನೀವು ಹೇಳಬಹುದು. ಹೌದು, ಇರುವೆ ಓದುವಷ್ಟು ಸಣ್ಣ ಅಕ್ಷರದಲ್ಲಿ ಬರೆದಿದೆ. ಬೋರ್ಡು ಮಾತ್ರ ರಸ್ತೆಗೆ ಕಾಣುತ್ತೆ.

ಸೋಮವಾರವೇ ಫೋನ್ ಮಾಡಿದೆ. "ಪ್ರಕೃತಿ ನಮ್ಮ ಕೈಯಲ್ಲಿಲ್ಲ ಮೇಡಂ" ಅಂದರು. ಮಳೆ ನಿಮ್ಮ ಕೈಯಲ್ಲಿಲ್ಲ, ಒಪ್ಪಿದೆ. ಜಾಹೀರಾತು ನಿಮ್ಮ ಕೈಯಲ್ಲೇ ಇದೆ ಅಲ್ವಾ? ಪ್ಲಾಸ್ಟಿಕ್ ಮಣಿಯನ್ನೂ ಪ್ರಕೃತಿಯೇ ಕೊಟ್ಟಿತಾ?

ಪೂರ್ತಿ 15,000 ನಾನು ಕೇಳುತ್ತಿಲ್ಲ. ಉಂಡಿದ್ದೇವೆ, ಮಲಗಿದ್ದೇವೆ. ನಿಮ್ಮ ಬಿಲ್ಲಿನಲ್ಲೇ 'ಪ್ಲಾಂಟೇಶನ್ ಟೂರ್' ಅಂತ ತಲೆಗೆ 2,800 ಬರೆದಿದೆ. ಇಬ್ಬರದು 5,600, ಪುಡಿಯದು 780, ಒಟ್ಟು 6,380 ರೂಪಾಯಿ ವಾಪಸ್ ಕೊಡಿ. ಜಾಹೀರಾತಿನಿಂದ ಹೂವನ್ನೂ ಹಣ್ಣನ್ನೂ ಒಟ್ಟಿಗೆ ಬರೆದಿರುವ ಸಾಲು ತೆಗೆಯಿರಿ. ಬುಕ್ ಮಾಡುವವರಿಗೆ ಮಳೆ ಬಿದ್ದ ದಿನ ತಿಳಿಸಿ. ಇನ್ನೊಂದು, ಆ ಬೋರರ್ ತೋರಿಸಿದ ಹೆಂಗಸರಿಗೆ ನಿಮ್ಮ ಟೂರಿನಿಂದ ಒಂದು ರೂಪಾಯಿಯೂ ಬರುವುದಿಲ್ಲವಂತೆ, ಕೇಳಿದೆ. ತೋಟದ ಮಾಲೀಕರ ಹತ್ತಿರ ಮಾತಾಡಿ ಅವರಲ್ಲೇ ಒಬ್ಬರಿಗೆ ದುಡ್ಡು ಕೊಟ್ಟು ಗೈಡ್ ಮಾಡಿಕೊಳ್ಳಿ. ನಿಮಗೂ ಲಾಭವೇ.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಐದು ಲಕ್ಷದ ಒಳಗಿನ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ. ಬಿಲ್ಲು, ಜಾಹೀರಾತಿನ ಸ್ಕ್ರೀನ್‌ಶಾಟ್, ಬುಟ್ಟಿಯ ಮೂರು ಫೋಟೋ, ಪ್ಯಾಕೆಟಿನ ಹಿಂಭಾಗದ ಫೋಟೋ ಇದರ ಜೊತೆ ಇಟ್ಟಿದ್ದೇನೆ.

ಪುಡಿಯ ಪ್ಯಾಕೆಟುಗಳನ್ನು ಕೊರಿಯರ್ ಮಾಡಿದ್ದೇನೆ. ಒಂದು ಒಡೆದಿಲ್ಲ. ಇನ್ನೊಂದನ್ನು ಅಮ್ಮ ಒಡೆದು ಒಂದು ಲೋಟ ಕುಡಿದಿದ್ದಾರೆ, ಅದರ ದುಡ್ಡು ಹಿಡಿದುಕೊಂಡು ಉಳಿದದ್ದು ಕಳಿಸಿ.

ಇಂತಿ,
ನಿಮ್ಮ ಗ್ರಾಹಕಿ