ನಾಳೆಗೆ ಕಾಯದ ಕೆಲಸ ಯಾರ ಪಾಲಿಗೆ?

ಮಾನ್ಯ ಸಂಪಾದಕರೇ,

ಓದಿದ ಹೆಣ್ಣುಮಕ್ಕಳು ಯಾಕೆ ಉದ್ಯೋಗ ಬಿಡುತ್ತಾರೆ ಎಂಬ ಚರ್ಚೆ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಸಂಬಳ, ಸುರಕ್ಷತೆ, ಓಡಾಟದ ಕಷ್ಟ ಎಲ್ಲವೂ ಅಲ್ಲಿರುತ್ತದೆ. ಮನೆಯೊಳಗಿನ ಕೆಲಸದ ವಿಷಯ ಬಂದಾಗ ಮಾತ್ರ "ಈಗ ಗಂಡಸರೂ ಮಾಡ್ತಾರಲ್ಲ" ಅಂತ ಅಲ್ಲಿಗೇ ಮುಗಿಸಿಬಿಡುತ್ತಾರೆ. ಅದಕ್ಕೇ ಈ ಪತ್ರ.

ಮಾಡುತ್ತಾರೆ, ನಿಜ. ಆದರೆ ಯಾವ ಕೆಲಸ ಅಂತ ಸ್ವಲ್ಪ ಗಮನಿಸಿ. ಬಿಲ್ ಕಟ್ಟುವುದು, ಸೋರುವ ನಲ್ಲಿ ಸರಿಮಾಡಿಸುವುದು, ಗಾಡಿ ತೊಳೆಯುವುದು. ಇವೆಲ್ಲ ಇವತ್ತು ಆಗದಿದ್ದರೆ ಭಾನುವಾರ ಆಗುತ್ತವೆ. ಅಡುಗೆ ಹಾಗಲ್ಲ. ಮಗುವಿಗೆ ಉಣ್ಣಿಸುವುದು, ಹಾಸಿಗೆ ಹಿಡಿದವರ ಮೈ ಒರೆಸುವುದು, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವುದು ಯಾವುದೂ ಭಾನುವಾರದವರೆಗೆ ಕಾಯುವುದಿಲ್ಲ. ಹೀಗೆ ಕಾಯದ ಕೆಲಸವೆಲ್ಲ ಹೆಚ್ಚಾಗಿ ಹೆಂಗಸರ ಪಾಲಿಗೇ ಬರುತ್ತದೆ. ಸಂಜೆ ಮೀಟಿಂಗ್ ಎಳೆದರೆ ಗಂಡ ನಿಶ್ಚಿಂತೆಯಿಂದ ಕೂರಬಹುದು, ಹೆಂಡತಿ ಗಡಿಯಾರ ನೋಡುತ್ತಾ ನಡುವೆಯೇ ಎದ್ದು ಬರಬೇಕು, ನಾಲ್ಕಾರು ಸಲ ಹಾಗಾಯಿತು ಅಂದರೆ ದೊಡ್ಡ ಜವಾಬ್ದಾರಿ ಕೊಡುವಾಗ ಮೇಲಿನವರು ಅವಳನ್ನು ಕೇಳುವುದನ್ನೇ ಬಿಡುತ್ತಾರೆ. ಕೊನೆಗೆ ಅವಳೇ ಅರೆಕಾಲಿಕ ಕೆಲಸ ಹುಡುಕುತ್ತಾಳೆ, ಇಲ್ಲವೇ ಮನೆಯಲ್ಲಿ ಉಳಿಯುತ್ತಾಳೆ. ಅದನ್ನು ಅವಳ ಸ್ವಂತ ಆಯ್ಕೆ ಅನ್ನುವುದು ತಪ್ಪು.

ಗಂಟೆಗಳ ಲೆಕ್ಕವಾದರೂ ಸಮ ಇದೆಯಾ ಅಂದರೆ ಅದೂ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ವರದಿ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮತ್ತು ಆರೈಕೆಗೆ ಜಗತ್ತಿನ ಹೆಂಗಸರು ದಿನಕ್ಕೆ ಸರಾಸರಿ 4 ಗಂಟೆ 25 ನಿಮಿಷ ಕೊಡುತ್ತಾರೆ, ಗಂಡಸರು 1 ಗಂಟೆ 23 ನಿಮಿಷ. ಆರೈಕೆಯ ಹೊಣೆಯಿಂದಾಗಿ ದುಡಿಮೆಯಿಂದ ಹೊರಗುಳಿದ ಹೆಂಗಸರು 70.8 ಕೋಟಿ, ಗಂಡಸರು 4 ಕೋಟಿ ಅಂತ ಅದೇ ಸಂಸ್ಥೆ 2024ರಲ್ಲಿ ಹೇಳಿದೆ. ಮನೆಯೊಳಗಿನ ಸಂಬಳವಿಲ್ಲದ ಈ ದುಡಿಮೆ ದೇಶದ ಒಟ್ಟು ಉತ್ಪನ್ನದ ಲೆಕ್ಕಕ್ಕೂ (ಜಿಡಿಪಿ) ಸೇರುವುದಿಲ್ಲ. ಅದೇ ಆರೈಕೆಗೆ ಸಂಬಳ ಕೊಟ್ಟು ಜನ ಇಟ್ಟುಕೊಂಡರೆ ಸೇರುತ್ತದೆ!

ಗಂಡಸರ ಸ್ವಭಾವವೇ ಹಾಗೆ, ಬದಲಾಗಲ್ಲ ಅನ್ನುವವರಿಗೆ ನಾರ್ವೆಯ ಉದಾಹರಣೆ ಕೊಡುತ್ತೇನೆ. ಮಗು ಹುಟ್ಟಿದಾಗ ಸಿಗುವ ಸಂಬಳಸಹಿತ ರಜೆಯಲ್ಲಿ ನಾಲ್ಕು ವಾರ ಅಪ್ಪನಿಗೇ ಮೀಸಲು ಅಂತ ಅಲ್ಲಿ 1993ರಲ್ಲಿ ನಿಯಮ ತಂದರು. ಅಪ್ಪ ತೆಗೆದುಕೊಳ್ಳದಿದ್ದರೆ ಆ ರಜೆ ಹೋಯಿತು, ಅಮ್ಮನಿಗೆ ಕೊಡುವ ಹಾಗಿಲ್ಲ. ಅದಕ್ಕೆ ಮುಂಚೆ ರಜೆ ಹಾಕುವ ಅಪ್ಪಂದಿರು ತೀರಾ ಕಡಿಮೆ ಇದ್ದರು, ಕೆಲವೇ ವರ್ಷಗಳಲ್ಲಿ ಬಹುಪಾಲು ಅಪ್ಪಂದಿರು ರಜೆ ಹಾಕತೊಡಗಿದರು. ಗಂಡಸರೇನೂ ಬೇರೆಯವರಾಗಲಿಲ್ಲ ಅಲ್ವಾ? ನಿಯಮ ಬದಲಾಯಿತು, ಕಚೇರಿಯಲ್ಲಿ ರಜೆ ಕೇಳುವ ಮುಜುಗರ ಹೋಯಿತು.

ಆದರೆ ರಜೆ ಚಿಕ್ಕ ಮಕ್ಕಳ ಮಟ್ಟಿಗೆ ಮಾತ್ರ ಸಾಕು. ವಯಸ್ಸಾದ ತಂದೆತಾಯಿಯ ಆರೈಕೆ ವರ್ಷಗಟ್ಟಲೆ ನಡೆಯುತ್ತದೆ, ಯಾವಾಗ ಮುಗಿಯುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಮಗ ಆಸ್ಪತ್ರೆಯ ಖರ್ಚು ಕೊಡುತ್ತಾನೆ, ರಾತ್ರಿ ಎದ್ದು ಮಗ್ಗುಲು ಬದಲಿಸುವವಳು ಸೊಸೆ ಅಥವಾ ಮಗಳು. ದುಡ್ಡು ಕೊಡುವುದೂ ಕಷ್ಟವೇ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ದುಡ್ಡು ಕೊಟ್ಟವನು ಬೆಳಿಗ್ಗೆ ನಿದ್ದೆ ಮುಗಿಸಿ ಉದ್ಯೋಗಕ್ಕೆ ಹೋಗಬಹುದು. ಉದ್ಯೋಗ ಬಿಟ್ಟವಳಿಗೆ ಮುಂದೆ ಪಿಂಚಣಿಯೂ ಇಲ್ಲ, ಉಳಿತಾಯವೂ ಇಲ್ಲ. ಆದ್ದರಿಂದ ಆರೈಕೆಗೆ ಕಳೆದ ವರ್ಷಗಳನ್ನು ಪಿಂಚಣಿಯ ಲೆಕ್ಕಕ್ಕೆ ಸೇರಿಸಬೇಕು, ಹಗಲು ಹೊತ್ತಿನ ಆರೈಕೆ ಕೇಂದ್ರಗಳು ಎಲ್ಲರ ಕೈಗೆಟುಕಬೇಕು. ಮನೆಯಲ್ಲಂತೂ ಗಂಡುಮಕ್ಕಳು ಭಾನುವಾರದ ಕೆಲಸ ಬಿಟ್ಟು ದಿನನಿತ್ಯದ ಒಂದು ಹೊತ್ತಿನ ಕೆಲಸವನ್ನು, ಯಾರೂ ನೆನಪಿಸದೆಯೇ, ಪೂರ್ತಿ ವಹಿಸಿಕೊಳ್ಳಬೇಕು.

ಇಂತಿ,
ನಿಮ್ಮ ಪತ್ರಿಕೆಯ ಓದುಗಾರ್ತಿ