ವಾಸನೆ ನಿಂತರೆ ಓಡಿ ಬಾ

ಪುಟ್ಟೀ,

ಭಾನುವಾರ ಫೋನಿನಲ್ಲಿ ನಾನಾಡಿದ ಮಾತು ತಪ್ಪು. "ಕಕ್ಕಸು ನೀರು ಬಳಿಯೋಕಾ ನಿನ್ನ ಇಂಜಿನಿಯರಿಂಗ್ ಓದಿಸಿದ್ದು" ಅಂದುಬಿಟ್ಟೆ. ಅವತ್ತಿಂದ ನಿಮ್ಮಮ್ಮ ನನ್ನ ಹತ್ರ ಮಾತು ಬಿಟ್ಟಿದ್ದಾಳೆ. ಸೋಮವಾರದಿಂದ ನೀನು ಎಸ್‌ಟಿಪಿಗೆ, ಅದೇ ಕೊಳಚೆ ನೀರು ಶುದ್ಧ ಮಾಡೋ ಘಟಕಕ್ಕೆ, ಸ್ಯಾಂಪಲ್ ತರೋಕೆ ಹೋಗ್ತೀಯಂತೆ. ಫೋನ್ ಮಾಡಿದರೆ ಮತ್ತೆ ಕೂಗಾಡ್ತೀನಿ, ಅದಕ್ಕೇ ಬರೀತಿದ್ದೀನಿ.

ಆ ನೀರಿನ ಮೇಲೆ ನನಗೇನು ಅಸಹ್ಯ ಇಲ್ಲ ಕಣಮ್ಮ. 2018ರಿಂದ ಕೆ.ಸಿ. ವ್ಯಾಲಿ ಪೈಪಲ್ಲಿ ಬಂದು ನಮ್ಮ ಕೋಲಾರದ ಕೆರೆ ತುಂಬಿಸ್ತಿರೋದೂ ಬೆಂಗಳೂರಿನ ಅದೇ ಕೊಳಚೆ ನೀರು, ಶುದ್ಧ ಮಾಡಿ ಕಳಿಸಿದ್ದು. ಅದಕ್ಕೆ ಮುಂಚೆ ಬತ್ತಿದ ಬೋರುಗಳ ಕಥೆ ನಿನಗೂ ಗೊತ್ತು, ಬಿಡು.

ಇದನ್ನ ಮಾತ್ರ ನಿನಗೆ ಹೇಳಿಲ್ಲ. ನೀನು ಹುಟ್ಟೋ ಮುಂಚೆ ಗಾರೆ ಕೆಲಸಕ್ಕೆ ಹೋಗ್ತಿದ್ದೆ. ಒಂದಿನ ಕಕ್ಕಸು ಗುಂಡಿಗೆ ಒಬ್ಬ ಇಳಿದ. ಬಕೀಟಿನ ಹಗ್ಗ ನನ್ನ ಕೈಲಿತ್ತು. "ವಾಸನೆ ಹೋಯ್ತು ಕಣಣ್ಣ, ಈಗ ಪರವಾಗಿಲ್ಲ" ಅಂತ ಒಳಗಿಂದ ಕೂಗಿದ. ಆಮೇಲೆ ಸದ್ದಿಲ್ಲ. ಅವನನ್ನ ಎತ್ತೋಕೆ ಅವನ ಭಾವ ಇಳಿದ. ಇಬ್ಬರೂ ಬರಲಿಲ್ಲ. ನಾನೂ ಇಳೀತಿದ್ದೆ, ಯಾರೋ ಸೊಂಟ ಹಿಡಿದು ಎಳೆದರು. ವಾಸನೆ ಎಲ್ಲೂ ಹೋಗಿರಲಿಲ್ಲ, ಅವನ ಮೂಗು ಸತ್ತಿತ್ತು. ಗುಂಡಿಯಲ್ಲಿರೋ ಹೈಡ್ರೋಜನ್ ಸಲ್ಫೈಡ್ ಅನ್ನೋ ಗ್ಯಾಸು ಮೊದಲು ಕೊಳೆತ ಮೊಟ್ಟೆ ಥರ ನಾರುತ್ತೆ, ಜಾಸ್ತಿಯಾದರೆ ಮೂಗಿಗೇ ಗೊತ್ತಾಗಲ್ಲ. "ವಾಸನೆ ಹೋಯ್ತು" ಅನ್ನೋ ಆ ದನಿ ಈಗಲೂ ರಾತ್ರಿ ಕೇಳುತ್ತೆ. ನೀನು ಎಸ್‌ಟಿಪಿ ಅಂದಾಗಲೂ ಅದೇ ಕೇಳಿಸ್ತು, ಪುಟ್ಟೀ.

ಗ್ಯಾಸ್ ಮೀಟರ್ ಇಲ್ಲದೆ ಮುಚ್ಚಿದ ಟ್ಯಾಂಕಿನ ಹತ್ರ ಹೋಗಬೇಡ. ಒಬ್ಬಳೇ ಹೋಗಲೇಬೇಡ. ಬಾಟ್ಲಿ ಬಿದ್ದರೆ ಬೀಳಲಿ, ಬಗ್ಗಬೇಡ. ಯಾರಾದರೂ ಒಳಗೆ ಬಿದ್ದರೂ ನೀನು ಇಳೀಬೇಡ, ಜನ ಕೂಗು. ಹೀಗೆ ಬರೆಯೋಕೆ ನಾಚಿಕೆ ಆಗುತ್ತೆ, ಆದರೂ ಇಳೀಬೇಡ. ಧನುರ್ವಾತದ ಇಂಜೆಕ್ಷನ್ ಆಯ್ತಾ? ಸೋಪು ಹಚ್ಚಿ ಕೈ ತೊಳೆಯದೆ ಊಟಕ್ಕೆ ಕೂರಬೇಡ.

ನೀನು ಆ ನೀರಿಂದ ತೆಗೆಯೋ ಹರಳಿನ ಹೆಸರು ಸ್ಟ್ರುವೈಟ್ ಅಲ್ವಾ? ಕೆಸರು ಹಿಂಡಿದ ನೀರಿಗೆ ಮೆಗ್ನೀಸಿಯಂ ಹಾಕಿದರೆ ರಂಜಕ, ಸಾರಜನಕ ಎರಡನ್ನೂ ಹಿಡ್ಕೊಂಡು ತಳಕ್ಕೆ ಕೂರುತ್ತೆ ಅಂತ ನೀನೇ ಅಂದಿದ್ದೆ. ಕೆರೆಯಲ್ಲಿ ಪಾಚಿ ಬೆಳೆಸೋ ರಂಜಕ ಹೊಲಕ್ಕೆ ಗೊಬ್ಬರ. 1,350 ರೂಪಾಯಿ ಚೀಲದ ಡಿಎಪಿಗೆ ಸೊಸೈಟಿ ಮುಂದೆ ಕ್ಯೂ ನಿಂತಾಗ ಎಲ್ಲರಿಗೂ ಹೇಳಿದೆ, ಈ ಗೊಬ್ಬರ ಮಾಡೋ ಮೊರಾಕ್ಕೋ ಕಲ್ಲಲ್ಲಿರೋ ರಂಜಕ ನಮ್ಮ ಮೂತ್ರದಲ್ಲೂ ಇದೆ, ನನ್ನ ಮಗಳು ತೆಗೀತಾಳೆ ಅಂತ. ನಕ್ಕರು, ನಗಲಿ.

ನಿನ್ನ ಮೇಷ್ಟ್ರು ಒಪ್ಪಿದರೆ ಒಂದು ಹಿಡಿ ಹರಳು ತಾ. ಬದುವಿನ ಪಕ್ಕ ಎರಡು ಸಾಲು ಟೊಮೆಟೊಗೆ ಗೊಬ್ಬರ ಹಾಕದೆ ಬಿಟ್ಟಿದ್ದೀನಿ.

ಸೋಮವಾರ ಹೊರಗೆ ಬಂದ ತಕ್ಷಣ ನಿಮ್ಮಮ್ಮನಿಗಾದರೂ ಒಂದು ಮಿಸ್ ಕಾಲ್ ಕೊಡು.

ಅಪ್ಪ