ಬೈಕ್ ಲೈಸೆನ್ಸ್ ಕುರಿತು ಸೋದರಳಿಯನಿಗೆ

ಚಿರಂಜೀವಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಅಮೆರಿಕದ ಸೈನ್ಯದಿಂದ ಬಿಡುಗಡೆಯಾಗಿ ಅಲ್ಲಿನ ಮನೆ ಸೇರಿದ ಮೇಲೆ ನೀನು ಬರೆದ ಪತ್ರ ತಲುಪಿತು. ಸೇನಾ ನೆಲೆಯಲ್ಲೇ ಮೋಟಾರ್‌ಸೈಕಲ್ ತರಬೇತಿ ಮುಗಿಸಿ ಕಾರ್ಡು ಪಡೆದಿದ್ದರೂ, ಅದು ತಮ್ಮ ರಾಜ್ಯದ ತರಬೇತಿಯಲ್ಲವೆಂದು ಲೈಸೆನ್ಸ್ ಕಚೇರಿಯವರು ನಿನ್ನನ್ನು ಮತ್ತೆ ಪರೀಕ್ಷೆಗೆ ಕರೆದದ್ದು ನನಗೂ ಸರಿಕಾಣಲಿಲ್ಲ. ಅಮೆರಿಕದ ಸೇನೆ ಬೈಕ್ ಓಡಿಸುವ ಯೋಧರಿಗೆ ಸುರಕ್ಷತಾ ತರಬೇತಿಯನ್ನು ಕಡ್ಡಾಯಗೊಳಿಸಿದೆ. ಅಲ್ಲಿ ಕಲಿಸುವುದು ಬಹುಮಟ್ಟಿಗೆ 1973ರಲ್ಲಿ ಆರಂಭವಾದ ಮೋಟಾರ್‌ಸೈಕಲ್ ಸೇಫ್ಟಿ ಫೌಂಡೇಶನ್ನಿನ ಪಾಠಗಳನ್ನೇ. ಅದೇ ಪಾಠ ಮುಗಿಸಿದ ಜನಸಾಮಾನ್ಯರಿಗೆ ಎಷ್ಟೋ ರಾಜ್ಯಗಳು ಸವಾರಿ ಪರೀಕ್ಷೆಯಿಂದ ವಿನಾಯಿತಿ ಕೊಡುತ್ತಿರುವಾಗ, ಮಾಜಿ ಸೈನಿಕನ ಕಾರ್ಡನ್ನು ಒಪ್ಪದಿರುವುದು ನ್ಯಾಯವಲ್ಲ. ಈ ಮಾತನ್ನು ನಿನ್ನ ಶಾಸಕರಿಗೆ ಅವಶ್ಯವಾಗಿ ಬರೆ.

ಆದರೆ ಸೇವೆ ಸಲ್ಲಿಸಿದವರೆಲ್ಲರಿಗೂ ಪರೀಕ್ಷೆಯಿಲ್ಲದೆ ಲೈಸೆನ್ಸ್ ಸಿಗಬೇಕೆಂಬ ನಿನ್ನ ವಾದವನ್ನು ನಾನು ಒಪ್ಪಲಾರೆ. ವಿನಾಯಿತಿ ಸಲ್ಲಬೇಕಾದುದು ಕಲಿತ ವಿದ್ಯೆಗೆ. ಲಾರಿ ಚಾಲಕರ ಲೈಸೆನ್ಸಿನ ಬಗ್ಗೆ ಅಲ್ಲಿನ ಕೇಂದ್ರ ಸರ್ಕಾರದ (ಫೆಡರಲ್) ನಿಯಮವನ್ನೇ ನೋಡು: ಸೇನೆಯಲ್ಲಿ ಅಂಥದೇ ಭಾರೀ ವಾಹನವನ್ನು ಕನಿಷ್ಠ 2 ವರ್ಷ ಓಡಿಸಿ, ಆ ಕೆಲಸ ಬಿಟ್ಟ ಒಂದು ವರ್ಷದೊಳಗೆ ಅರ್ಜಿ ಹಾಕಿದವರಿಗೆ ಮಾತ್ರ ಚಾಲನಾ ಪರೀಕ್ಷೆಯನ್ನು ಬಿಡಲು ಅದು ರಾಜ್ಯಗಳಿಗೆ ಅವಕಾಶ ಕೊಡುತ್ತದೆ. ಟ್ಯಾಂಕು ಓಡಿಸಿ ಪಳಗಿದ ಕೈಗೂ ಬೈಕಿನ ಕ್ಲಚ್ಚಿನ ಹದ ತಾನಾಗಿ ಒಲಿಯುವುದಿಲ್ಲ. ತಿರುವಿನಲ್ಲಿ ಗಾಬರಿಯಿಂದ ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿದರೆ ಚಕ್ರ ಜಾರಿ ಸವಾರ ನೆಲಕ್ಕುರುಳುತ್ತಾನೆ. ಎಷ್ಟು ಒತ್ತಬೇಕೆಂಬುದು ಬೆರಳುಗಳಿಗೆ ರೂಢಿಯಾಗಬೇಕು.

2008ರ ಸುಮಾರಿಗೆ ಹನ್ನೆರಡು ತಿಂಗಳ ಅವಧಿಯಲ್ಲಿ ಅಮೆರಿಕ ಸೇನೆಯ ಮರೀನ್ ದಳದ 25 ಯೋಧರು ಬೈಕ್ ಅಪಘಾತಗಳಲ್ಲಿ ತೀರಿಕೊಂಡರು. ಅದೇ ಅವಧಿಯಲ್ಲಿ ಇರಾಕಿನಲ್ಲಿ ಶತ್ರುಗಳಿಂದ ಹತರಾದ ಮರೀನ್ ಯೋಧರು 20 ಮಂದಿ. ಅಪಘಾತಕ್ಕೀಡಾದ ಬೈಕುಗಳಲ್ಲಿ ಹೆಚ್ಚಿನವು ಸ್ಪೋರ್ಟ್ಸ್ ಬೈಕುಗಳು. ಯುದ್ಧಭೂಮಿಯಿಂದ ಜೀವಂತವಾಗಿ ಮರಳಿದ ಮಕ್ಕಳನ್ನು ಊರಿನ ರಸ್ತೆಯಲ್ಲಿ ಕಳೆದುಕೊಂಡ ತಾಯಂದಿರನ್ನು ನೆನೆದಾಗ, ಪರೀಕ್ಷೆಯನ್ನು ಗೌರವದ ಕಾಣಿಕೆಯೆಂಬಂತೆ ಮನ್ನಾ ಮಾಡಿಸುವ ಮಾತು ನನ್ನ ಗಂಟಲಲ್ಲಿಳಿಯುವುದಿಲ್ಲ. ಶುಲ್ಕ ಬಿಡಲಿ, ಸರದಿಯಲ್ಲಿ ಕಾಯುವುದನ್ನು ತಪ್ಪಿಸಲಿ, ಕಲಿತದ್ದನ್ನು ಮತ್ತೆ ಕಲಿಸದಿರಲಿ. ಕಲಿಯದವನಿಗೆ ಮಾತ್ರ ಕಲಿಸಿಯೇ ಕಳಿಸಲಿ.

ಸದ್ಯಕ್ಕೆ ನಿನ್ನ ಬಿಡುಗಡೆ ಪತ್ರವನ್ನೂ ತರಬೇತಿ ಕಾರ್ಡನ್ನೂ ಕೊಂಡೊಯ್ದು ಮೇಲಧಿಕಾರಿಯನ್ನು ಕಾಣು. ಒಪ್ಪದಿದ್ದರೆ ಕಾರಣವನ್ನು ಬರಹದಲ್ಲಿ ಕೇಳು. ವಿನಾಯಿತಿ ಸಿಕ್ಕಿದರೂ ಖಾಲಿ ಮೈದಾನದಲ್ಲಿ ತುರ್ತು ಬ್ರೇಕಿನ ಅಭ್ಯಾಸ ಮಾಡು, ಎದುರಿನಿಂದ ಬಂದು ನಿನ್ನ ದಾರಿಗಡ್ಡವಾಗಿ ಎಡಕ್ಕೆ ತಿರುಗುವ ಕಾರುಗಳ ಮೇಲೆ ಕಣ್ಣಿಡು, ಹೆಲ್ಮೆಟ್ಟಿಲ್ಲದೆ ಹೊರಡಬೇಡ. ಶಾಸಕರಿಗೆ ಬರೆಯುವ ಅರ್ಜಿಯ ಕರಡನ್ನು ಮೊದಲು ನನಗೆ ಕಳಿಸು, ತಿದ್ದಿಕೊಡುತ್ತೇನೆ.

ಇಂತಿ ನಿನ್ನ ಸೋದರಮಾವ